ಕಷ್ಟದ ವರ್ಷ ಮುಗಿಯುತ್ತಿದೆ. ತೋಟದ ಕೆಲಸದವರಿಗೆ ಕೃತಜ್ಞತೆಯನ್ನು ಹೇಗೆ ತಿಳಿಸುವುದು?

ಪ್ರಶ್ನೆ: ಸುಂಟಿಕೊಪ್ಪದ ಬೆಳೆಗಾರ್ತಿ

ಎಲ್ಲರಿಗೂ ನಮಸ್ಕಾರ.

ಸುಂಟಿಕೊಪ್ಪದ ಬಳಿ ನಮ್ಮ 45 ಎಕರೆ ಕಾಫಿ ತೋಟವಿದೆ. ಹೆಚ್ಚಿನ ಪಾಲು ರೊಬಸ್ಟಾ, ಮೇಲಿನ ಬದಿಯಲ್ಲಿ ಸ್ವಲ್ಪ ಅರೇಬಿಕಾ, ನೆರಳಿನ ಮರಗಳಿಗೆ ಹಬ್ಬಿಸಿದ ಕರಿಮೆಣಸು. ತಂದೆಯವರು ತೀರಿಕೊಂಡ ನಂತರ ನಾಲ್ಕು ವರ್ಷಗಳಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಚೆಕ್‌ರೋಲಿನಲ್ಲಿ (ಹಾಜರಿ, ಕೂಲಿಯ ಪುಸ್ತಕ) ರೈಟರ್ (ಲೆಕ್ಕ ಬರೆಯುವವರು), ಮೇಸ್ತ್ರಿ ಮತ್ತು ಡ್ರೈವರ್ ಸೇರಿ 22 ಮಂದಿಯಿದ್ದಾರೆ. ಅವರಲ್ಲಿ ಎಂಟು ಕುಟುಂಬಗಳು ಕೆಲಸದವರಿಗೆಂದು ಸಾಲಾಗಿ ಕಟ್ಟಿದ ನಮ್ಮ ಲೈನ್‌ಮನೆಗಳಲ್ಲಿಯೇ ವಾಸವಾಗಿವೆ, ಮೂವರು ಅಸ್ಸಾಮಿನಿಂದ ಬಂದವರು, ಉಳಿದವರು ಹತ್ತಿರದ ಹಾಡಿಯಿಂದ (ಆದಿವಾಸಿಗಳ ವಸತಿ) ನಡೆದು ಬರುತ್ತಾರೆ.

ಈ ವರ್ಷ ನಮಗೆ ಹೇಗೆ ಕಳೆಯಿತೆಂಬುದನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊಳೆರೋಗ ತಡೆಯಲು ಮುಂಗಾರಿಗೆ ಮೊದಲು ಹೊಡೆಯಬೇಕಾದ ಬೋರ್ಡೋ ದ್ರಾವಣ ಅರ್ಧ ತೋಟಕ್ಕೂ ಮುಟ್ಟುವ ಮೊದಲೇ ಮಳೆ ಹಿಡಿದುಕೊಂಡಿತು. ಕಕ್ಕಡದಲ್ಲಿ (ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳು) ಹನ್ನೊಂದು ದಿನ ಕರೆಂಟ್ ಇರಲಿಲ್ಲ. ಕೊಳೆರೋಗ ಬಂದು ಕಾಯಿ ಉದುರಿದ್ದನ್ನು ಕಂಡಾಗಲೇ ಫಸಲು ಎಷ್ಟಾಗಬಹುದೆಂಬ ಅಂದಾಜು ಸಿಕ್ಕಿತ್ತು. ಕೊನೆಗೆ ಕೈಗೆ ಬಂದದ್ದು ಮಾಮೂಲಿ ವರ್ಷದ ಮುಕ್ಕಾಲು ಪಾಲಿಗಿಂತಲೂ ಕಡಿಮೆ. ಸೆಪ್ಟೆಂಬರಿನಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಮಾಡುತ್ತಿದ್ದವರನ್ನು ಕಾಡಾನೆ ಅಟ್ಟಿಸಿಕೊಂಡು ಬಂದಾಗ ಒಬ್ಬರು ಚರಂಡಿಗೆ ಹಾರಿ ಪ್ರಾಣ ಉಳಿಸಿಕೊಂಡರು. ಡಿಸೆಂಬರಿನ ಒಂದು ರಾತ್ರಿ ಕಣದಲ್ಲಿ ಅರೇಬಿಕಾ ಹರಡಿದ್ದಾಗ ಮಳೆ ಸುರಿಯತೊಡಗಿತು. ನಾನು ಯಾರನ್ನೂ ಕರೆದಿರಲಿಲ್ಲ. ಆದರೂ ಲೈನಿನಿಂದ ಒಂಬತ್ತು ಮಂದಿ ಓಡಿಬಂದು, ಟಾರ್ಪಾಲ್ ಹೊದೆಸಿ, ನೆನೆದದ್ದನ್ನು ಬೇರೆ ಮಾಡಿ, ಬೆಳಗಿನ ಜಾವದವರೆಗೂ ನಿಂತರು.

ಈಗ ಕೊಯ್ಲು ಮುಗಿದಿದೆ, ಮೆಣಸು ಮಾತ್ರ ಉಳಿದಿದೆ. ಮಾರ್ಚ್ ಕೊನೆಗೆ ಲೆಕ್ಕ ಮುಗಿಸುವ ಮೊದಲು ಇವರಿಗೆಲ್ಲ ಮೆಚ್ಚುಗೆ ಸೂಚಿಸಬೇಕೆಂಬ ಆಸೆಯಿದೆ. ಬೋನಸ್ಸನ್ನು ಬಿಟ್ಟು, ಹೆಚ್ಚೆಂದರೆ 60,000 ರೂಪಾಯಿ ಹೊಂದಿಸಬಲ್ಲೆ. ಕಳೆದ ವರ್ಷ ಎಲ್ಲರಿಗೂ ಪ್ರೆಶರ್ ಕುಕ್ಕರ್ ಕೊಟ್ಟಿದ್ದೆ. ಮೊನ್ನೆ ಲೈನಿನ ಛಾವಣಿ ನೋಡಲು ಹೋದಾಗ ಅವುಗಳಲ್ಲಿ ನಾಲ್ಕು ಪೆಟ್ಟಿಗೆ ಒಡೆಯದೆಯೇ ಅಟ್ಟದಲ್ಲಿದ್ದವು, ಏಕೆಂದರೆ ಆ ಮನೆಗಳಲ್ಲಿ ಒಲೆ ಇದೆಯೇ ಹೊರತು ಗ್ಯಾಸ್ ಇಲ್ಲ. ಇದು ನನಗೆ ಗೊತ್ತಿರಬೇಕಾದ ವಿಷಯವಾಗಿತ್ತು.

ಈ ಬಾರಿ ಕಂಬಳಿ ಕೊಡುವುದೇ, ಪಂದಿಕರಿಯ (ಹಂದಿಮಾಂಸದ ಸಾರು) ಊಟ ಹಾಕಿಸುವುದೇ, ಲಕೋಟೆಯಲ್ಲಿ ಹಣ ಇಡುವುದೇ? ಆ ರಾತ್ರಿ ಬಂದ ಒಂಬತ್ತು ಮಂದಿಗೆ ಹೆಚ್ಚು ಕೊಟ್ಟರೆ ಉಳಿದವರಿಗೆ ಬೇಸರವಾಗುವುದಿಲ್ಲವೇ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ಮ್ಯಾನೇಜರ್, ಪಾಲಿಬೆಟ್ಟ ಕಡೆಯವರು

ಮೇಡಂ, ಕುಕ್ಕರಿನ ಸಂಗತಿಯನ್ನು ನೀವೇ ಒಪ್ಪಿಕೊಂಡು ಬರೆದದ್ದು ಹಿಡಿಸಿತು. ಮೂವತ್ತೊಂದು ವರ್ಷ ತೋಟಗಳಲ್ಲಿ ಕೆಲಸ ಮಾಡಿದ ನಾನು ಇದಕ್ಕಿಂತ ದೊಡ್ಡ ತಪ್ಪುಗಳನ್ನು ನೋಡಿದ್ದೇನೆ, ಮಾಡಿಯೂ ಇದ್ದೇನೆ.

ಮೊದಲನೆಯದಾಗಿ, ಬೋನಸ್ಸನ್ನು ಬಿಟ್ಟು ಎಂದು ಬರೆದಿದ್ದೀರಿ. ಆ ಗೆರೆಯನ್ನು ಕೊನೆಯವರೆಗೂ ಅಳಿಸಬೇಡಿ. 20 ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವಲ್ಲಿ ಬೋನಸ್ ಕಾನೂನಿನ ಹಕ್ಕು. 1965ರ ಕಾಯ್ದೆಯಲ್ಲಿ ಕನಿಷ್ಠ ಶೇ. 8.33, ಗರಿಷ್ಠ ಶೇ. 20 ಎಂದು ಇತ್ತು; 2019ರ ವೇತನ ಸಂಹಿತೆಯೂ ಅದೇ ಪ್ರಮಾಣವನ್ನು ಉಳಿಸಿಕೊಂಡಿದೆ. ಶೇ. 8.33 ಎಂದರೆ ವರ್ಷದ ಲೆಕ್ಕದ ಹನ್ನೆರಡನೆಯ ಒಂದು ಪಾಲು, ಅಂದರೆ ಸುಮಾರು ಒಂದು ತಿಂಗಳಿನದು. ಫಸಲು ಕೈಕೊಟ್ಟು ನಷ್ಟವಾದರೂ ಆ ಕನಿಷ್ಠ ಮೊತ್ತ ತಪ್ಪುವುದಿಲ್ಲ. ವರ್ಷದಲ್ಲಿ 30 ದಿನ ಕೆಲಸ ಮಾಡಿದವರಿಗೂ ಅದು ಸಲ್ಲುತ್ತದೆಯಾದ್ದರಿಂದ, ಕೊಯ್ಲಿಗೆಂದು ಬಂದು ನಿಮ್ಮ ಚೆಕ್‌ರೋಲಿನಲ್ಲಿ ಹೆಸರು ಬರೆಸಿದವರನ್ನೂ ಒಮ್ಮೆ ಲೆಕ್ಕ ಹಾಕಿ ನೋಡಿ. ಲೆಕ್ಕದ ವರ್ಷ ಮುಗಿದ 8 ತಿಂಗಳೊಳಗೆ ಅದನ್ನು ಕೊಡಬೇಕು. ಎಷ್ಟೋ ಕಡೆ ಈ ಹಣವನ್ನೇ ಹುತ್ತರಿಗೋ ದೀಪಾವಳಿಗೋ ಲಕೋಟೆಯಲ್ಲಿಟ್ಟು, ತಮ್ಮ ಕಿಸೆಯಿಂದ ಧಾರೆಯೆರೆದವರಂತೆ ಭಾಷಣ ಮಾಡಿ ಹಂಚುತ್ತಾರೆ. ಕೆಲಸದವರಿಗೆ ಇದು ಅರ್ಥವಾಗುವುದಿಲ್ಲವೆಂದು ತಿಳಿಯುವುದು ಮಾಲೀಕರ ಭ್ರಮೆ.

ಕಂಬಳಿಯದೂ ಹೆಚ್ಚುಕಡಿಮೆ ಇದೇ ಕಥೆ. ತೋಟ ಕಾರ್ಮಿಕರಿಗೆ ಮಳೆ, ಚಳಿಯಿಂದ ರಕ್ಷಣೆಗೆ ಕೊಡೆ, ಕಂಬಳಿ, ರೇನ್‌ಕೋಟ್ ಒದಗಿಸುವ ವಿಷಯವನ್ನು 1951ರ ತೋಟ ಕಾರ್ಮಿಕರ ಕಾಯ್ದೆಯೇ ಎತ್ತಿತ್ತು. ಮಳೆಗಾಲದಲ್ಲಿ ಕೆಲಸಕ್ಕೆ ನಿಲ್ಲಿಸುವವರು ಕೆಲಸದ ಸಾಮಾನಾಗಿ ಕೊಡಬೇಕಾದದ್ದು ಅದು. ಜೂನ್ ಮೊದಲು ಕೊಡಿ, ಖಂಡಿತ ಕೊಡಿ, ಆದರೆ ಉಡುಗೊರೆಯ ಕಾಗದ ಸುತ್ತಿ ಕೊಡಬೇಡಿ.

2018ರ ಆಗಸ್ಟಿನಲ್ಲಿ ನಾನು ಮಡಿಕೇರಿ ತಾಲ್ಲೂಕಿನ ಒಂದು ತೋಟದಲ್ಲಿದ್ದೆ. ಗುಡ್ಡಗಳು ಜಾರಿ, ಮಕ್ಕಂದೂರು, ಜೋಡುಪಾಲದ ಕಡೆಯ ಜನ ಪರಿಹಾರ ಕೇಂದ್ರಗಳಲ್ಲಿದ್ದ ದಿನಗಳವು. ನಮ್ಮ ಕೆಲಸದವರಲ್ಲಿ ಆರು ಮಂದಿ ಹದಿನೈದು ದಿನ ತೋಟಕ್ಕೆ ಬರಲಾಗಲಿಲ್ಲ. ಬರಲು ರಸ್ತೆಯೇ ಇರಲಿಲ್ಲ. ಉಳಿದವರು ಎದೆಮಟ್ಟದ ಕೆಸರಿನಲ್ಲಿ ಪಂಪ್‌ಹೌಸನ್ನು ಉಳಿಸಿಕೊಟ್ಟರು. ಆ ವರ್ಷದ ಕೊನೆಯಲ್ಲಿ ಆಡಳಿತದವರು ಎಲ್ಲರಿಗೂ ತೋಟದ ಹೆಸರು ಮುದ್ರಿಸಿದ ಗೋಡೆ ಗಡಿಯಾರ ಕೊಟ್ಟರು. ಆದರೆ ಬಾರದಿದ್ದ ಹದಿನೈದು ದಿನಗಳ ಕೂಲಿ ಹಿಡಿದದ್ದು ಹಿಡಿದೇ ಇತ್ತು. ಹಂಚುವ ಕೆಲಸ ನನ್ನದಾಗಿತ್ತು. ಒಬ್ಬ ಹಿರಿಯರು ಗಡಿಯಾರವನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡು, "ಹದಿನೈದು ದಿನ ಎಷ್ಟು ಉದ್ದ ಅಂತ ಇದರಲ್ಲಿ ನೋಡಬಹುದು ಸಾರ್" ಎಂದು ನಗುತ್ತಾ ಹೇಳಿ ಹೋದರು. ನಾನು ತಲೆ ಎತ್ತಲಿಲ್ಲ.

ಆದ್ದರಿಂದ, ಏನನ್ನು ಕೊಡುವುದೆಂದು ಯೋಚಿಸುವ ಮೊದಲು ಈ ವರ್ಷ ಏನನ್ನು ಹಿಡಿದುಕೊಂಡಿದ್ದೀರಿ ಎಂದು ಚೆಕ್‌ರೋಲನ್ನು ತಿರುವಿ ನೋಡಿ. ಕರೆಂಟಿಲ್ಲದ ಆ ಹನ್ನೊಂದು ದಿನಗಳಲ್ಲಿ ಗೈರುಹಾಜರಿ ಹಾಕಿದ್ದರೆ, ಅಲ್ಲಿಂದ ಪ್ರಾರಂಭಿಸಿ.

ಉತ್ತರ 2: ಮೈಸೂರಿನಲ್ಲಿ ನೆಲೆಸಿರುವ ವಿರಾಜಪೇಟೆಯವ

ನಾನು ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿದ್ದೇನೆ. ಹಿರಿಯರು ಹೇಳಿದ ಕಾನೂನಿನ ಮಾತಿಗೆ ನನ್ನ ಒಪ್ಪಿಗೆಯಿದೆ. ಅದಕ್ಕೆ ಒಂದೆರಡು ಮಾತು ಸೇರಿಸುತ್ತೇನೆ.

"ಎಲ್ಲರೂ ಚೆನ್ನಾಗಿ ಕೆಲಸ ಮಾಡಿದಿರಿ, ಧನ್ಯವಾದ" ಎಂಬ ಮಾತನ್ನು ಯಾರೂ ತಮಗೆ ಹೇಳಿದ್ದೆಂದು ತಿಳಿಯುವುದಿಲ್ಲ. 22 ಮಂದಿ ದೊಡ್ಡ ಸಂಖ್ಯೆಯಲ್ಲ; ಒಬ್ಬೊಬ್ಬರು ಈ ವರ್ಷ ಮಾಡಿದ ಒಂದೊಂದು ಕೆಲಸವನ್ನು ನೀವು ನೆನಪಿಸಿಕೊಳ್ಳಬಲ್ಲಿರಿ. ಅದನ್ನು ಅವರ ಎದುರಿಗೇ ಹೇಳಿ, ಅದರಿಂದ ತೋಟಕ್ಕೆ ಏನು ಉಳಿಯಿತೆಂಬುದನ್ನೂ ಹೇಳಿ. ನೆನಪಿಗೆ ಏನೂ ಬಾರದ ಹೆಸರೊಂದು ಪಟ್ಟಿಯಲ್ಲಿ ಸಿಕ್ಕಿದರೆ, ಆ ವ್ಯಕ್ತಿಯ ಕೆಲಸವನ್ನು ನೀವು ವರ್ಷವಿಡೀ ನೋಡಿಲ್ಲವೆಂದು ಅರ್ಥ. ಮೇಸ್ತ್ರಿಯವರನ್ನು ಕೇಳಿ ತಿಳಿದುಕೊಳ್ಳಿ.

ಎರಡನೆಯದಾಗಿ, ವರ್ಷದ ಅತ್ಯುತ್ತಮ ಕೆಲಸಗಾರರೆಂದು ಒಬ್ಬರನ್ನು ಆರಿಸಿ, ಪ್ರಮಾಣಪತ್ರ ಮತ್ತು ನಗದು ಕೊಟ್ಟರೆ ಮುಂದಿನ ವರ್ಷಕ್ಕೆ ಉಳಿದವರಿಗೂ ಹುಮ್ಮಸ್ಸು ಬರುತ್ತದೆ. ನಮ್ಮಲ್ಲಿ ಇದು ಚೆನ್ನಾಗಿ ನಡೆಯುತ್ತಿದೆ.

ಉತ್ತರ 3: ತೋಟದ ರೈಟರ್, ಸಿದ್ದಾಪುರ

ಮೇಲಿನ ಮಹನೀಯರ ಮೊದಲ ಮಾತು ಸರಿ. ಎರಡನೆಯದನ್ನು ಮಾತ್ರ ದಯವಿಟ್ಟು ತೋಟದಲ್ಲಿ ಮಾಡಬೇಡಿ. ಕಾರ್ಖಾನೆಯವರು ಸಂಜೆ ತಮ್ಮ ತಮ್ಮ ಮನೆಗೆ ಹೋಗುತ್ತಾರೆ. ಲೈನಿನವರು ಒಂದೇ ಗೋಡೆಯ ಆಚೆ ಈಚೆ ಮಲಗುತ್ತಾರೆ. ನಾನಿದ್ದ ತೋಟವೊಂದರಲ್ಲಿ ಕೊಯ್ಲಿನಲ್ಲಿ ಅತಿ ಹೆಚ್ಚು ಕೆ.ಜಿ. ಕೊಯ್ದವರಿಗೆ ಬಹುಮಾನವಿಟ್ಟಿದ್ದರು. ಗಿಡ ತುಂಬ ಹಣ್ಣಿದ್ದ ಸಾಲು ಸಿಕ್ಕಿದವರು ಗೆದ್ದರು, ಆನೆ ಮುರಿದ ಸಾಲು ಸಿಕ್ಕಿದವರು ಸೋತರು, ಸಾಲು ಹಂಚಿದ ಮೇಸ್ತ್ರಿಯವರ ಜೊತೆ ಮಾತು ಬಿಟ್ಟವರು ಮುಂದಿನ ಹುತ್ತರಿಯವರೆಗೂ ಬಿಟ್ಟೇ ಇದ್ದರು.

ಮೇಡಂ ಕೇಳಿರುವ ಒಂಬತ್ತು ಮಂದಿಯ ಪ್ರಶ್ನೆಗೆ ನನ್ನ ಉತ್ತರ ಸುಲಭದ್ದು, ಏಕೆಂದರೆ ಅದು ಉಡುಗೊರೆಯ ಪ್ರಶ್ನೆಯೇ ಅಲ್ಲ. ಹಗಲು ಎಂಟು ಗಂಟೆ ದುಡಿದವರು ರಾತ್ರಿ ಮತ್ತೆ ಕಣಕ್ಕೆ ಬಂದರೆ ಅದು ಹೆಚ್ಚುವರಿ ಕೆಲಸ. ಅದಕ್ಕೆ ಕೂಲಿಯ ದುಪ್ಪಟ್ಟು ದರ ಸಲ್ಲುತ್ತದೆ. ನಾಲ್ಕು ಗಂಟೆ ನಿಂತಿದ್ದರೆ ದುಪ್ಪಟ್ಟಿನ ಲೆಕ್ಕದಲ್ಲಿ ಒಂದು ದಿನದ ಪೂರ್ತಿ ಕೂಲಿಯಾಯಿತು. ಅದನ್ನು ಚೆಕ್‌ರೋಲಿನಲ್ಲಿ ತಾರೀಕು ಹಾಕಿ ಬರೆದು, ಮುಂದಿನ ಬಟವಾಡೆಯಲ್ಲಿಯೇ ಕೊಟ್ಟುಬಿಡಿ. ದುಡಿದವರಿಗೆ ದುಡಿದದ್ದು ಸಿಕ್ಕಿದರೆ ಯಾರಿಗೂ ಬೇಸರವಾಗುವುದಿಲ್ಲ. ಅದನ್ನೇ ಮೂರು ತಿಂಗಳು ಬಿಟ್ಟು ಬಹುಮಾನವೆಂದು ಕೊಟ್ಟರೆ, ಆ ರಾತ್ರಿ ಜ್ವರದಿಂದ ಮಲಗಿದ್ದವರಿಗೂ ಹಾಡಿಯಲ್ಲಿದ್ದು ಮಳೆಯ ಸದ್ದೇ ಕೇಳದವರಿಗೂ ತಾವೇನೋ ತಪ್ಪು ಮಾಡಿದಂತೆ ಅನಿಸುತ್ತದೆ.

ಅಡ್ವಾನ್ಸಿನ ವಿಷಯವನ್ನು ಯಾರೂ ಎತ್ತಲಿಲ್ಲ. ಮಳೆಗಾಲದಲ್ಲಿ ಕೆಲಸದ ದಿನಗಳು ಕಡಿಮೆಯಾದಾಗ ಎಲ್ಲರೂ ತೋಟದಿಂದ ಅಡ್ವಾನ್ಸ್ ಪಡೆದಿರುತ್ತಾರೆ, ಕೊಯ್ಲಿನಲ್ಲಿ ತೀರಿಸುತ್ತಾರೆ. ಈ ವರ್ಷ ಫಸಲೇ ಕಡಿಮೆಯಾದ್ದರಿಂದ ಕೆ.ಜಿ. ಲೆಕ್ಕದ ಸಂಪಾದನೆಯೂ ಕಡಿಮೆ, ಸಾಲ ಹಾಗೆಯೇ ಉಳಿದಿದೆ. ಒಂದು ಕೈಯಲ್ಲಿ ಲಕೋಟೆ ಕೊಟ್ಟು ಇನ್ನೊಂದು ಕೈಯಲ್ಲಿ ಅಡ್ವಾನ್ಸಿಗೆ ಹಿಡಿದುಕೊಂಡರೆ ಆ ಲಕೋಟೆಗೆ ಬೆಲೆಯಿಲ್ಲ. ಪೂರ್ತಿ ಮನ್ನಾ ಮಾಡಿ ಎಂದು ಹೇಳುವಷ್ಟು ನಾನು ಧಾರಾಳಿಯಲ್ಲ (ಲೆಕ್ಕ ಬರೆಯುವವನ ಬುದ್ಧಿ), ಆದರೆ ಮುಂದಿನ ಮಳೆಗಾಲ ಕಳೆಯುವವರೆಗೆ ಹಿಡಿಯುವುದಿಲ್ಲವೆಂದು ಹೇಳಿದರೆ ಅದೇ ದೊಡ್ಡ ಉಪಕಾರ.

ಲೈನಿನವರಿಗೆ ನಿಜವಾಗಿಯೂ ಅಪರೂಪವಾದದ್ದು ಕೂಲಿ ಕತ್ತರಿಸದ ರಜೆ. ನವೆಂಬರಿನಿಂದ ಫೆಬ್ರವರಿಯವರೆಗೆ ಭಾನುವಾರವೂ ಕೊಯ್ದಿರುತ್ತಾರೆ. ಮೆಣಸು ಇಳಿಸುವ ಮೊದಲು ಎರಡು ದಿನ ಎಲ್ಲರಿಗೂ ಒಟ್ಟಿಗೆ ಕೂಲಿಸಹಿತ ರಜೆ ಕೊಟ್ಟರೆ, ಒಬ್ಬರು ತವರಿಗೆ ಹೋಗುತ್ತಾರೆ, ಇನ್ನೊಬ್ಬರು ಆಸ್ಪತ್ರೆಗೆ, ಮತ್ತೊಬ್ಬರು ಸುಮ್ಮನೆ ಮಲಗುತ್ತಾರೆ. ಯಾರಿಗೆ ಏನು ಬೇಕೋ ಅದನ್ನು ಅವರೇ ಆರಿಸಿಕೊಂಡಂತಾಗುತ್ತದೆ.

ಊಟ ಹಾಕಿಸುವುದು ಒಳ್ಳೆಯದೇ. ಆದರೆ ಪಂದಿಕರಿಯೊಂದನ್ನೇ ಮಾಡಿಸಿದರೆ ನಿಮ್ಮ ಅಸ್ಸಾಮಿನ ಮೂವರಲ್ಲಿ ತಿನ್ನದವರಿರಬಹುದು, ಕೇಳಿ ನೋಡಿ. ಎಲೆಯ ಮುಂದೆ ಬರಿಯ ಅನ್ನ, ಸಾರಿನೊಂದಿಗೆ ಕುಳಿತವರನ್ನು ನಾನು ಕಂಡಿದ್ದೇನೆ. ಕೋಳಿಸಾರು, ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಜೊತೆಗೆ ಒಂದು ತರಕಾರಿ ಪಲ್ಯ ಎಲ್ಲರಿಗೂ ಆಗುತ್ತದೆ. ಮದ್ಯ ಬೇಡವೇ ಬೇಡ; ಮರುದಿನ ಅದರ ಲೆಕ್ಕ ಲೈನಿನ ಹೆಂಗಸರ ತಲೆಗೆ ಬರುತ್ತದೆ.

ಒಂದು ತಮಾಷೆಯ ಮಾತು. ನಮ್ಮ ದಕ್ಷಿಣ ಕೊಡಗಿನಲ್ಲಿ ಮೇ ತಿಂಗಳ ಬೇಡು ಹಬ್ಬಕ್ಕೆ, ಅಂದರೆ ಕುಂಡೆ ಹಬ್ಬಕ್ಕೆ, ಜೇನುಕುರುಬರೂ ಯರವರೂ ವೇಷ ಹಾಕಿ, ದೇವರಪುರಕ್ಕೆ ಹೋಗಿ, ದೇವರನ್ನೇ ಬೈದು ಬರುತ್ತಾರೆ. ದಾರಿಯಲ್ಲಿ ಸಿಕ್ಕ ಸಾಹುಕಾರರಿಗೂ ಆ ದಿನ ವಿನಾಯಿತಿಯಿಲ್ಲ. ನಮ್ಮ ಸಾಹುಕಾರರು ವರ್ಷದ ಕೊನೆಯ ಉಡುಗೊರೆಯ ಬಗ್ಗೆ ಜನ ಏನು ತಿಳಿದಿದ್ದಾರೆಂಬುದನ್ನು ಅಂದೇ ತಿಳಿದುಕೊಳ್ಳುವುದು.

ಉತ್ತರ 4: ಲೈನ್‌ಮನೆಯ ಮಗಳು, ಈಗ ಕುಶಾಲನಗರದ ಬಳಿ ಶಿಕ್ಷಕಿ

ಅಕ್ಕ, ನಿಮ್ಮನ್ನು ಹೀಗೆ ಕರೆಯಬಹುದೆಂದು ಭಾವಿಸಿದ್ದೇನೆ. ಕೊಡುವವರ ಕಡೆಯಿಂದ ಮೂವರು ಬರೆದಿದ್ದಾರೆ. ಪಡೆದವರ ಮನೆಯಲ್ಲಿ ಬೆಳೆದವಳಾಗಿ ನಾನು ಬರೆಯುತ್ತಿದ್ದೇನೆ.

ನಮ್ಮ ಅಮ್ಮ ಇಪ್ಪತ್ತಾರು ವರ್ಷ ಒಂದೇ ತೋಟದಲ್ಲಿ ದುಡಿದರು. ಸ್ಟೀಲ್ ತಟ್ಟೆ, ಸೀರೆ, ಬಕೆಟ್, ಛತ್ರಿ, ದೇವರ ಫೋಟೋ ಇರುವ ಕ್ಯಾಲೆಂಡರ್, ಇವೆಲ್ಲ ನಮ್ಮ ಮನೆಗೆ ಬಂದಿವೆ. ಸೀರೆ ಎಲ್ಲರಿಗೂ ಒಂದೇ ಬಣ್ಣದ್ದಾಗಿರುತ್ತಿತ್ತು. ಅದನ್ನುಟ್ಟು ಸಂತೆಗೆ ಹೋದರೆ ಯಾವ ತೋಟದವರೆಂದು ಎಲ್ಲರಿಗೂ ತಿಳಿಯುತ್ತದೆಂದು ಅಮ್ಮ ಅದನ್ನು ಕೊಯ್ಲಿನಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳಲು ಇಟ್ಟುಕೊಂಡಿದ್ದರು. ಅವರು ಅದನ್ನು ಕೃತಘ್ನತೆಯಿಂದ ಮಾಡಿದ್ದಲ್ಲ.

ನಾನು ಹೇಳಬೇಕೆಂದಿರುವುದು ಬೇರೆ. ಅಮ್ಮ ನಿವೃತ್ತರಾದಾಗ ಭವಿಷ್ಯನಿಧಿಯ ಹಣಕ್ಕೆ ಅರ್ಜಿ ಹಾಕಿದೆವು. ಚೆಕ್‌ರೋಲಿನಲ್ಲಿ ಯಾರೋ ಎಂದೋ ಬರೆದ ಹೆಸರು ಒಂದು, ಆಧಾರಿನಲ್ಲಿ ಇನ್ನೊಂದು. ಹುಟ್ಟಿದ ವರ್ಷದಲ್ಲಿ ಏಳು ವರ್ಷಗಳ ವ್ಯತ್ಯಾಸ. ಸತ್ತುಹೋದ ನನ್ನ ತಂದೆಯೇ ಇನ್ನೂ ನಾಮಿನಿ. ಇವನ್ನೆಲ್ಲ ಸರಿಪಡಿಸಲು ಒಂದು ವರ್ಷ ನಾಲ್ಕು ತಿಂಗಳು ಬೇಕಾಯಿತು. ನಾನು ಓದಿದವಳಾದ್ದರಿಂದ ಅದು ಸಾಧ್ಯವಾಯಿತು, ಪಕ್ಕದ ಮನೆಯವರಿಗೆ ಇಂದಿಗೂ ಆಗಿಲ್ಲ. ಇಪ್ಪತ್ತಾರು ವರ್ಷ ಪ್ರತಿ ಬಟವಾಡೆಯಲ್ಲೂ ಅಮ್ಮ ಬೇರೊಬ್ಬರ ಹೆಸರಿನ ಮುಂದೆ ಹೆಬ್ಬೆಟ್ಟು ಒತ್ತಿದ್ದರೆಂಬುದು ನನಗೆ ಆಗ ತಿಳಿಯಿತು.

ನಿಮ್ಮ 22 ಮಂದಿಯ ಕಾಗದಗಳನ್ನು ಒಂದು ದಿನ ಕುಳಿತು ನೋಡಿ. ಆಧಾರ್, ಭವಿಷ್ಯನಿಧಿ ಖಾತೆ ಮತ್ತು ಬ್ಯಾಂಕ್ ಪುಸ್ತಕ, ಮೂರರಲ್ಲೂ ಹೆಸರು ಒಂದೇ ಇದೆಯೇ, ನಾಮಿನಿ ಬದುಕಿದ್ದಾರೆಯೇ ಎಂದು ನೋಡಿ, ಇಲ್ಲದವರನ್ನು ಜೀಪಿನಲ್ಲಿ ಕರೆದುಕೊಂಡು ಹೋಗಿ, ಆ ದಿನದ ಕೂಲಿ ಕೊಟ್ಟು, ಸರಿಪಡಿಸಿಕೊಡಿ. ಓದುವ ಮಕ್ಕಳಿರುವ ಮನೆಗಳಿದ್ದರೆ, ಕಾಫಿ ಮಂಡಳಿ ತೋಟ ಕಾರ್ಮಿಕರ ಮಕ್ಕಳಿಗೆ ಕೊಡುತ್ತಾ ಬಂದಿರುವ ಶಿಕ್ಷಣ ಸಹಾಯಧನದ ಬಗ್ಗೆಯೂ ವಿಚಾರಿಸಿ, ತೋಟದ ಕಡೆಯಿಂದ ಬೇಕಾದ ಪತ್ರ ಬರೆದುಕೊಡಿ. ನನ್ನ ಹೈಸ್ಕೂಲಿನ ಒಂದು ವರ್ಷದ ಪುಸ್ತಕಗಳು ಅಂತಹ ಒಂದು ಪತ್ರದಿಂದ ಬಂದವು. ಅದನ್ನು ಬರೆದ ರೈಟರ್ ಅಂಕಲ್ ಅವರನ್ನು ಅಮ್ಮ ಈಗಲೂ ಕೇಳುತ್ತಿರುತ್ತಾರೆ. ಬಕೆಟ್ ಕೊಟ್ಟವರು ಯಾರೆಂದು ಅವರಿಗೆ ಮರೆತಿದೆ.

ಇನ್ನೊಂದು ಸಣ್ಣ ವಿಷಯ. ಮಾತನ್ನು ಬಂಗಲೆಯ ಅಂಗಳದಲ್ಲಿ ಹೇಳಬೇಡಿ. ಅಲ್ಲಿ ನಾವು ಯಾವಾಗಲೂ ನಿಂತುಕೊಂಡೇ ಇರುತ್ತಿದ್ದೆವು. ಲೈನಿಗೆ ಹೋಗಿ, ಜಗಲಿಯಲ್ಲಿ ಕುಳಿತು, ಕೊಟ್ಟ ಕಾಫಿ ಕುಡಿದು ಹೇಳಿ. ಬೆಲ್ಲದ ಕಾಫಿ ಸ್ವಲ್ಪ ಹೊಗೆ ವಾಸನೆ ಇರುತ್ತದೆ, ಸಹಿಸಿಕೊಳ್ಳಬೇಕು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ: ಸುಂಟಿಕೊಪ್ಪದ ಬೆಳೆಗಾರ್ತಿ

ಬರೆದ ಎಲ್ಲರಿಗೂ ವಂದನೆಗಳು. ಮೂರು ದಿನ ತಡವಾಗಿ ಉತ್ತರಿಸುತ್ತಿರುವುದಕ್ಕೆ ಕಾರಣ, ನಮ್ಮ ರೈಟರೊಂದಿಗೆ ಕುಳಿತು ಚೆಕ್‌ರೋಲನ್ನು ಮೇ ತಿಂಗಳಿನಿಂದ ತಿರುವಿ ನೋಡುತ್ತಿದ್ದೆ.

ಮ್ಯಾನೇಜರ್ ಸಾಹೇಬರು ಊಹಿಸಿದ್ದು ನಿಜವಾಗಿತ್ತು. ಕರೆಂಟಿಲ್ಲದ ದಿನಗಳಲ್ಲಿ, ಮರ ಬಿದ್ದು ದಾರಿ ಮುಚ್ಚಿದ್ದರಿಂದ ಹಾಡಿಯಿಂದ ಬರಲಾಗದ ಏಳು ಮಂದಿಗೆ ನಾಲ್ಕು ದಿನ ಗೈರುಹಾಜರಿ ಬಿದ್ದಿದೆ. ಅದಕ್ಕೆ ಸಹಿ ಹಾಕಿದವಳು ನಾನೇ. ಆ 28 ದಿನಗಳ ಕೂಲಿಯನ್ನೂ, ಡಿಸೆಂಬರಿನ ರಾತ್ರಿಗೆ ಒಂಬತ್ತು ಮಂದಿಯ ಹೆಚ್ಚುವರಿ ಕೂಲಿಯನ್ನೂ ಈ ಶನಿವಾರದ ಬಟವಾಡೆಯಲ್ಲಿ ಸೇರಿಸುತ್ತಿದ್ದೇನೆ. ಇವೆರಡನ್ನೂ ನಾನು ಹೇಳಿದ್ದ 60,000 ರೂಪಾಯಿಯಿಂದ ತೆಗೆಯಬಾರದೆಂದು ರೈಟರ್ ಹಟ ಹಿಡಿದರು. ಸ್ವಲ್ಪ ವಾದವಾಯಿತು, ಅವರು ಗೆದ್ದರು.

ಉಳಿದಂತೆ, ಏಪ್ರಿಲ್ ಮೊದಲ ವಾರದಲ್ಲಿ ಎರಡು ದಿನ ಕೂಲಿಸಹಿತ ರಜೆ ಎಂದು ನಿರ್ಧರಿಸಿದ್ದೇನೆ. ಅಡ್ವಾನ್ಸನ್ನು ದಸರಾವರೆಗೆ ಹಿಡಿಯುವುದಿಲ್ಲ. ತಂಗಿ ಹೇಳಿದ ಕಾಗದಪತ್ರಗಳ ವಿಷಯದಲ್ಲಿ ನಿನ್ನೆ ಹನ್ನೊಂದು ಮಂದಿಯದನ್ನು ನೋಡಿದೆವು, ಐವರ ಹೆಸರು ಹೊಂದುತ್ತಿಲ್ಲ. ಅವರಲ್ಲಿ ನಮ್ಮ ಮೇಸ್ತ್ರಿಯವರೂ ಒಬ್ಬರು. ಇಪ್ಪತ್ತು ವರ್ಷಗಳಿಂದ ನಾವೆಲ್ಲ ಕರೆಯುತ್ತಿರುವ ಹೆಸರು ಅವರ ಅಣ್ಣನದಂತೆ. ಮಂಗಳವಾರ ಜೀಪು ಮಡಿಕೇರಿಗೆ ಹೋಗುತ್ತದೆ.

ಒಬ್ಬೊಬ್ಬರು ಮಾಡಿದ ಒಂದೊಂದು ಕೆಲಸವನ್ನು ನೆನಪಿಸಿಕೊಂಡು ಬರೆಯಲು ಕುಳಿತಾಗ 22ರಲ್ಲಿ ಹದಿನಾರು ಹೆಸರುಗಳಿಗೆ ಕೂಡಲೇ ಸಿಕ್ಕಿತು, ಆರಕ್ಕೆ ಸಿಗಲಿಲ್ಲ. ಆ ಆರರಲ್ಲಿ ಐವರು ಹೆಂಗಸರು. ಮೇಸ್ತ್ರಿಯವರನ್ನು ಕೇಳುವ ಬದಲು, ಆ ಆರು ಮಂದಿ ಚಿಗುರು ತೆಗೆಯುವಲ್ಲಿಗೆ ಈ ವಾರ ನಾನೇ ಹೋಗುತ್ತಿದ್ದೇನೆ.

ಊಟವನ್ನು ಈ ಭಾನುವಾರವೇ ಮಾಡಿಸುವುದೆಂದು ಇದ್ದೆ. ಅಸ್ಸಾಮಿನ ಮೂವರಲ್ಲಿ ಇಬ್ಬರು ರಂಜಾನ್ ಉಪವಾಸದಲ್ಲಿದ್ದಾರೆಂದು ರೈಟರ್ ನೆನಪಿಸಿದರು. ಹಬ್ಬ ಕಳೆದ ಮೇಲೆ, ಅವರು ಊರಿಗೆ ಹೊರಡುವ ಮೊದಲು ಒಂದು ದಿನ ಗೊತ್ತು ಮಾಡುತ್ತೇವೆ. ಕೋಳಿಸಾರು, ಕಡಂಬುಟ್ಟು, ಲೈನಿನ ಅಂಗಳದಲ್ಲಿ.